ಈ ತಂತಿ ಸದ್ಯ ಯಾರ ಕೈಯಲ್ಲಿದೆ?

ಸುಗ್ಗಿ ಬಂತೆಂದರೆ ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಸೋಯಾ, ಕಡಲೆಯ ಚೀಲಗಳು ಅಡತ್ ಅಂಗಡಿಯ ಕಟ್ಟೆ ದಾಟಿ ರಸ್ತೆಗೆ ಬಂದಿರುತ್ತವೆ. ಹಮಾಲರು ಚೀಲ ಎತ್ತಿ ಕಾಟಾದ ಮೇಲೆ ಇಡುತ್ತಾರೆ, ಕೆಂಪು ಅಂಕಿ ಒಂದೆರಡು ಸಲ ನಡುಗಿ ನಿಲ್ಲುತ್ತದೆ, ಮುನೀಮರು ಬರೆದುಕೊಳ್ಳುತ್ತಾರೆ. ಅಂಥ ಒಂದು ಅಂಗಡಿಯಲ್ಲಿ ಬರೆಯುವ ಕೆಲಸ ತಪ್ಪಲಿ ಎಂದು ಕಾಟಾದ ಹಿಂಬದಿಯಿಂದ ಲಿನಕ್ಸ್ ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಎಳೆದಿದ್ದರು. ಎರಡನೇ ದಿನವೇ ಮುನೀಮರಿಂದ ನನಗೆ ಫೋನ್ ಬಂತು: “ಸರ್, ಐವತ್ತು ಕಿಲೋ ಮೂವತ್ತೈದರ ಚೀಲ ಬರೋಬರಿ ತೋರಸ್ತದ್ರಿ. ನಲವತ್ತೆಂಟು ಇಪ್ಪತ್ತು ಇಟ್ರ ಖರಾಬ ಅಕ್ಷರ ಬರ್ತಾವ. ಕಾಟಾ ಅಂತೂ ಬರೋಬರಿ ಅದ.”

ಅವರ ಮಾತು ನಿಜವಾಗಿತ್ತು, ಕಾಟಾದಲ್ಲಿ ದೋಷವಿರಲಿಲ್ಲ. ಕೇಬಲ್ಲೂ ಸರಿಯಿತ್ತು. ತಪ್ಪಿದ್ದದ್ದು ಕಾಟಾ ಮತ್ತು ಕಂಪ್ಯೂಟರಿನ ನಡುವಿನ ಒಪ್ಪಂದದಲ್ಲಿ. ಯುನಿಕ್ಸ್ ಬಳಗದ ವ್ಯವಸ್ಥೆಗಳಲ್ಲಿ ಸೀರಿಯಲ್ ಪೋರ್ಟ್ ಹೊಂದಿಸುವುದೆಂದರೆ ಈ ಒಪ್ಪಂದವನ್ನು ಬರೆಯುವುದು. ಅದನ್ನು ಹೇಗೆ ಬರೆಯಬೇಕು, ಯಾರು ಬರೆಯಬೇಕು, ತಂತಿ ಈ ಕ್ಷಣ ಯಾರ ಸ್ವಾಧೀನದಲ್ಲಿದೆ ಎಂದು ಯಾರ ಮಾತಿನ ಮೇಲೆ ನಂಬಬೇಕು ಎಂಬುದರ ಬಗ್ಗೆ ಐವತ್ತು ವರ್ಷಗಳಿಂದ ಬೇರೆ ಬೇರೆ ಪಂಥಗಳು ಬೇರೆ ಬೇರೆ ಉತ್ತರ ಕೊಡುತ್ತ ಬಂದಿವೆ.

ಟೆಲಿಟೈಪ್ ಬಿಟ್ಟುಹೋದ ಆಸ್ತಿ

ಆರ್‌ಎಸ್-232 ಎಂಬ ಸೀರಿಯಲ್ ತಂತಿಯ ಮಾನಕ ಹುಟ್ಟಿದ್ದು 1960ರಲ್ಲಿ. ಬಹುಕಾಲ ನಿಂತ ‘ಸಿ’ ಪರಿಷ್ಕರಣೆ 1969ರದು. ಅದೇ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕೆಲಸ ಶುರುವಾಯಿತು. ಆಗಿನ ಟರ್ಮಿನಲ್ ಎಂದರೆ ಟೆಲಿಟೈಪ್ ಯಂತ್ರ: ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವಂಥದು. ‘ಟಿಟಿವೈ’ ಎಂಬ ಹೆಸರು ಅದರಿಂದ ಬಂತು, ಆ ಟಿಟಿವೈ ಹಿಡಿದು ಲಾಗಿನ್ ಕೇಳುವ ‘ಗೆಟ್ಟಿ’ಯೂ ಹಾಗೆಯೇ. ಹರಿವು ತಡೆಯಲು ಇಂದಿಗೂ ನಾವು ಒತ್ತುವ ಕಂಟ್ರೋಲ್-ಎಸ್, ಬಿಡಲು ಒತ್ತುವ ಕಂಟ್ರೋಲ್-ಕ್ಯೂ ಟೆಲಿಟೈಪಿನ ಕಾಗದಪಟ್ಟಿ ಓದುವ ಸಾಧನವನ್ನು ನಿಲ್ಲಿಸುವ, ಓಡಿಸುವ ಸಂಕೇತಗಳಾಗಿದ್ದವು.

ಮುಂದೆ ಯುನಿಕ್ಸ್ ಮನೆತನ ಒಡೆಯಿತು. ಬರ್ಕ್ಲಿಯವರು ಒಂದು ರೀತಿ, ಸಿಸ್ಟಮ್ ಫೈವ್‌ನವರು ಇನ್ನೊಂದು ರೀತಿ. ಒಬ್ಬರದು ಟಿಟಿವೈಗಳ ಪಟ್ಟಿ ಮತ್ತು ಗೆಟ್ಟಿಟ್ಯಾಬ್ ಕಡತ, ಇನ್ನೊಬ್ಬರದು ಇನಿಟ್ಯಾಬ್ ಮತ್ತು ಗೆಟ್ಟಿಡೆಫ್ಸ್. 1988ರ ಪಾಸಿಕ್ಸ್ ಮಾನಕ ‘ಟರ್ಮಿಯೋಸ್’ ಎಂಬ ಒಂದೇ ಚೌಕಟ್ಟು ಕೊಟ್ಟು ಜಗಳ ತಗ್ಗಿಸಿತು. ಆದರೆ ಆರ್‌ಟಿಎಸ್, ಸಿಟಿಎಸ್ ತಂತಿಗಳ ಮೂಲಕ ಹರಿವು ಹಿಡಿಯುವ ವಿಧಾನ ಆ ಮಾನಕದಲ್ಲಿ ಸೇರಲೇ ಇಲ್ಲ. ವೇಗದ ಮೋಡೆಮಿಗೆ ಅತಿ ಅಗತ್ಯವಾದ ಸೆಟ್ಟಿಂಗ್ ಮಾನಕದ ಹೊರಗೆ ಉಳಿದದ್ದರಿಂದ ಪ್ರತಿ ತಯಾರಕರೂ ಅದಕ್ಕೆ ತಮ್ಮದೇ ಹೆಸರಿಟ್ಟುಕೊಂಡರು. ಒಂದು ಯಂತ್ರದ ಕೈಪಿಡಿ ಇನ್ನೊಂದಕ್ಕೆ ಒಗ್ಗದಿರಲು ಇದು ದೊಡ್ಡ ಕಾರಣ.

ನಮ್ಮ ಕಡೆಗೆ ಬಂದ ದಾರಿ

ಈ ಸೀರಿಯಲ್ ತಂತಿ ಕರ್ನಾಟಕಕ್ಕೆ ಹಲವು ಬಾಗಿಲುಗಳಿಂದ ಬಂತು. 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲುಗಾರ. ಅದರ ಮೊದಲ ದಿನಗಳ ಇ-ಮೇಲ್ ಓಡಿದ್ದು ಮೋಡೆಮ್ ಹಚ್ಚಿ ಫೋನ್ ತಿರುಗಿಸುವ ಯುಯುಸಿಪಿ ಮೂಲಕ. ಅದೇ ವರ್ಷ ಜುಲೈಯಲ್ಲಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಸಿ-ಡಾಟ್‌ನ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಸಿಬ್ಬಂದಿ ಆದೇಶ ಕೊಡುವ ಕಂಪ್ಯೂಟರ್ ಯುನಿಕ್ಸ್‌ನದು, ಅದಕ್ಕೆ ಸೀರಿಯಲ್ ತಂತಿಯಲ್ಲಿ ಟರ್ಮಿನಲ್‌ಗಳು. ಬ್ಯಾಂಕುಗಳಲ್ಲಿ 1984 ಮತ್ತು 1989ರ ರಂಗರಾಜನ್ ಸಮಿತಿ ವರದಿಗಳ ನಂತರ ಕಂಪ್ಯೂಟರ್ ಬಂದಾಗ ಎಷ್ಟೋ ಶಾಖೆಗಳಲ್ಲಿ ಒಂದು ಯುನಿಕ್ಸ್ ಯಂತ್ರ, ಕೌಂಟರಿಗೊಂದು ಟರ್ಮಿನಲ್ ಇರುತ್ತಿದ್ದವು. ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತವರು ಆ ಹಸಿರು ಅಕ್ಷರಗಳನ್ನು ನೋಡಿರುತ್ತಾರೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗಲೂ ಅಗ್ಗದ ಖಾತೆ ಎಂದರೆ ದೂರದ ಯುನಿಕ್ಸ್ ಯಂತ್ರಕ್ಕೆ ಮೋಡೆಮಿನಿಂದ ಕರೆ ಮಾಡಿ ಟರ್ಮಿನಲ್ಲಾಗಿ ಕೂರುವುದು.

ಗಂಜಿಗೆ ಬಂದದ್ದು ತಡವಾಗಿ, ಕಾಟಾದ ಮೂಲಕ. 2014ರಲ್ಲಿ ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್‌ನ ಇ-ಮಾರ್ಕೆಟ್ಸ್ ಸಂಸ್ಥೆಯೂ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿ ಎಪಿಎಂಸಿಗಳ ವ್ಯಾಪಾರವನ್ನು ಆನ್‌ಲೈನ್ ಟೆಂಡರಿಗೆ ತಂದಿತು. ಲಾಟ್ ಸಂಖ್ಯೆ, ಧಾರಣೆ, ಪಟ್ಟಿ ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ತೂಕ ಮಾತ್ರ ಕೈಬರಹದಲ್ಲಿ ಉಳಿಯುವುದು ಕಷ್ಟ. ಬೀದರ, ಭಾಲ್ಕಿ, ಔರಾದ್ ಎಲ್ಲಿಯೇ ಆಗಲಿ, ಎಲೆಕ್ಟ್ರಾನಿಕ್ ಕಾಟಾದ ಹಿಂದೆ ಒಂಬತ್ತು ಪಿನ್ನಿನ ಸಾಕೆಟ್ ಇದ್ದರೆ ಅದು 1960ರ ಆ ಮಾನಕದ ಮೊಮ್ಮಗು.

ತಂತಿಯ ಮಾತೇ ಪ್ರಮಾಣ

ಮೊದಲ ಪಂಥದ ವಾದ ಇದು: ಆಚೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಹೇಳಲು ತಂತಿಗಳೇ ಇವೆ, ಅವನ್ನು ಕೇಳಿ. ಕರೆ ಕೂಡಿದಾಗ ಮೋಡೆಮ್ ಡಿಸಿಡಿ ತಂತಿಯನ್ನು ಎತ್ತುತ್ತದೆ. ಅಲ್ಲಿಯವರೆಗೆ ಪೋರ್ಟ್ ತೆರೆಯಲು ಹೋದ ಪ್ರೋಗ್ರಾಮನ್ನು ವ್ಯವಸ್ಥೆಯ ತಿರುಳಾದ ಕರ್ನಲ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಕರೆ ಕಡಿದರೆ ತಂತಿ ಬೀಳುತ್ತದೆ, ಕರ್ನಲ್ ಆ ಪೋರ್ಟಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ‘ಹ್ಯಾಂಗಪ್’ ಸಂಕೇತ ಕಳಿಸುತ್ತದೆ. ಕೆಲಸ ಮುಗಿದಾಗ ಕಂಪ್ಯೂಟರ್ ಡಿಟಿಆರ್ ತಂತಿಯನ್ನು ಇಳಿಸುತ್ತದೆ, ಮೋಡೆಮ್ ಫೋನ್ ಕೆಳಗಿಡುತ್ತದೆ.

ಇದರ ಹಿಂದೆ ಭದ್ರತೆಯ ಗಟ್ಟಿ ಕಾರಣವಿದೆ. ಟ್ರಂಕ್ ಲೈನು ನಡುವೆ ಕಡಿದಾಗ ಯುನಿಕ್ಸಿಗೆ ಅದು ಗೊತ್ತಾಗದಿದ್ದರೆ ಹಿಂದಿನವರ ಲಾಗಿನ್ ತೆರೆದೇ ಇರುತ್ತದೆ. ಮುಂದೆ ಕರೆ ಮಾಡಿದವರು ಪಾಸ್‌ವರ್ಡ್ ಇಲ್ಲದೆ ಅವರ ಖಾತೆಯೊಳಗೆ ಬಂದು ಕೂತಿರುತ್ತಾರೆ. ಮೋಡೆಮ್ ನೋಡಿಕೊಂಡ ಹಳಬರು ಈ ತಂತಿಯ ವಿಷಯದಲ್ಲಿ ಹಟ ಹಿಡಿಯುತ್ತಿದ್ದುದು ಇದಕ್ಕೇ.

ಆದರೆ ಗಂಜಿನ ಕಾಟಾದಿಂದ ಬರುವುದು ಮೂರೇ ಎಳೆ: ಕಳಿಸುವುದು, ಪಡೆಯುವುದು, ನೆಲ. ಡಿಸಿಡಿ ಎತ್ತುವವರು ಯಾರೂ ಇಲ್ಲ. ಹೀಗಾಗಿ ಪ್ರೋಗ್ರಾಮ್ ಪೋರ್ಟ್ ತೆರೆಯಲು ಹೋಗಿ ಅಲ್ಲೇ ನಿಂತುಬಿಡುತ್ತದೆ, ತಪ್ಪಿನ ಸಂದೇಶವೂ ಬರುವುದಿಲ್ಲ. ಇದಕ್ಕೆ ಮದ್ದು ಎರಡು. ಒಂದು, ‘ಸಿ-ಲೋಕಲ್’ ಸೆಟ್ಟಿಂಗ್ ಹಾಕಿ ತಂತಿಯ ಮಾತು ಕೇಳಬೇಡ ಎನ್ನುವುದು. ಇನ್ನೊಂದು, ಕನೆಕ್ಟರಿನೊಳಗೇ ನಾಲ್ಕನೇ ಪಿನ್ನನ್ನು ಒಂದು ಮತ್ತು ಆರಕ್ಕೆ, ಏಳನ್ನು ಎಂಟಕ್ಕೆ ಬೆಸೆದು ಕಂಪ್ಯೂಟರಿನ ಮಾತನ್ನೇ ಅದಕ್ಕೆ ತಿರುಗಿಸಿ ಕೇಳಿಸುವುದು. ಬೆಸುಗೆಯ ಮದ್ದು ನನಗೆ ಒಪ್ಪಿಗೆಯಿಲ್ಲ. ಕೇಬಲ್ ಬಿಚ್ಚಿಹೋದರೂ ಆಚೆ ಯಾರೋ ಇದ್ದಾರೆ ಎಂದು ಅದು ಹೇಳುತ್ತಲೇ ಇರುತ್ತದೆ, ಮುಂದೆ ರಿಪೇರಿಗೆ ಬಂದವರು ಕನೆಕ್ಟರ್ ಬಿಚ್ಚುವವರೆಗೆ ಕಾರಣ ಕಾಣುವುದಿಲ್ಲ.

ಹೆಸರಿನಲ್ಲೇ ನಿಯಮ

ಎರಡನೇ ಪಂಥ ಹುಟ್ಟಿದ್ದು ಒಂದೇ ಮೋಡೆಮಿನಿಂದ ಎರಡು ಕೆಲಸ ಬೇಕಾದಾಗ. ಹೊರಗಿನಿಂದ ಕರೆ ಬಂದರೆ ಉತ್ತರಿಸಬೇಕು, ನಮಗೆ ಬೇಕಾದಾಗ ನಾವೂ ಕರೆ ಮಾಡಬೇಕು. ಗೆಟ್ಟಿ ಪೋರ್ಟನ್ನು ತಬ್ಬಿ ಕೂತಿದ್ದರೆ ಕರೆ ಮಾಡುವುದು ಹೇಗೆ? ಅದಕ್ಕೆ ಒಂದೇ ಪೋರ್ಟಿಗೆ ಎರಡು ಹೆಸರಿಟ್ಟರು. ಟಿಟಿವೈ ಎಂದು ತೆರೆದರೆ ಡಿಸಿಡಿಗಾಗಿ ಕಾಯಬೇಕು. ಸಿಯುಎ ಎಂದು ತೆರೆದರೆ ಕಾಯಬೇಕಿಲ್ಲ, ಮತ್ತು ಅದು ತೆರೆದಿರುವಷ್ಟು ಹೊತ್ತು ಟಿಟಿವೈ ಬಾಗಿಲಲ್ಲಿ ಕಾಯುವವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಎಸ್‌ಸಿಒ ಯುನಿಕ್ಸ್‌ನಲ್ಲಿ ಈ ಭೇದ ಅಕ್ಷರದ ಗಾತ್ರದಲ್ಲಿತ್ತು: ಸಣ್ಣ ‘ಎ’ ಎಂದರೆ ನೇರ ಟರ್ಮಿನಲ್, ದೊಡ್ಡ ‘ಎ’ ಎಂದರೆ ಮೋಡೆಮ್. ಆ ಒಂದು ಅಕ್ಷರ ತಪ್ಪಿದರೆ ಟರ್ಮಿನಲ್ ಖಾಲಿ ಪರದೆಯಾಗಿ ಕೂರುತ್ತಿತ್ತು.

ಲಿನಕ್ಸ್ ಹಳೆಯ ದಿನಗಳಲ್ಲಿ ಇದೇ ದಾರಿ ಹಿಡಿದು ಆಮೇಲೆ ಬಿಟ್ಟಿತು. 1999ರ 2.2 ಕರ್ನಲ್ ಹೊತ್ತಿಗೆ ಸಿಯುಎ ಹೆಸರು ಬಳಸಬೇಡಿ ಎಂಬ ಎಚ್ಚರಿಕೆ ಬಂದಿತ್ತು. ಒಂದು ಪ್ರೋಗ್ರಾಮ್ ಟಿಟಿವೈ ಹೆಸರಿನಲ್ಲಿ ಬೀಗ ಹಾಕಿದರೆ ಇನ್ನೊಂದು ಸಿಯುಎ ಹೆಸರಿನಲ್ಲಿ ಹಾಕುತ್ತದೆ, ಪೋರ್ಟ್ ಒಂದೇ ಆದರೂ ಒಂದರ ಬೀಗ ಇನ್ನೊಂದಕ್ಕೆ ಕಾಣುವುದಿಲ್ಲ ಎಂಬುದು ಅದನ್ನು ಬಿಡಲು ಒಂದು ಕಾರಣ. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮತ್ತು ಆಪಲ್‌ನ ಮ್ಯಾಕ್ ಇಂದಿಗೂ ಎರಡು ಹೆಸರನ್ನೇ ಉಳಿಸಿಕೊಂಡಿವೆ. ಫ್ರೀಬಿಎಸ್‌ಡಿಯಂತೂ ಪ್ರತಿ ಪೋರ್ಟಿಗೆ ‘ಇನಿಟ್’ ಮತ್ತು ‘ಲಾಕ್’ ಎಂಬ ಇನ್ನೆರಡು ಜೊತೆಹೆಸರು ಇಟ್ಟಿದೆ. ಮೊದಲನೆಯದರಲ್ಲಿ ಆರಂಭದ ಸೆಟ್ಟಿಂಗ್ ಬರೆದಿಡಬಹುದು. ಎರಡನೆಯದರಲ್ಲಿ ಗುರುತು ಹಾಕಿದ ಸೆಟ್ಟಿಂಗನ್ನು ಯಾವ ಪ್ರೋಗ್ರಾಮೂ ಬದಲಿಸಲಾಗದು. ಕಾಟಾದಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ನಾನು ಬೇರೆ ಕಡೆ ನೋಡಿಲ್ಲ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಿನಕ್ಸಿನ ಹುಟ್ಟಿನಲ್ಲೇ ಸಾಕ್ಷಿಯಿದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ್ದು ಹೆಲ್ಸಿಂಕಿ ವಿಶ್ವವಿದ್ಯಾಲಯದ ಯುನಿಕ್ಸಿಗೆ ಮೋಡೆಮಿನಿಂದ ಕರೆ ಮಾಡುವ ಟರ್ಮಿನಲ್ ಪ್ರೋಗ್ರಾಮ್. ಅದೇ ಬೆಳೆದು ಲಿನಕ್ಸ್ ಆಯಿತು. ಒಮ್ಮೆ ಮೋಡೆಮಿಗೆ ಹೋಗಬೇಕಿದ್ದ ಡಯಲ್ ಆದೇಶವನ್ನು ಅವರು ಹಾರ್ಡ್ ಡಿಸ್ಕಿನ ಹೆಸರಿಗೆ ಕಳಿಸಿ, ಅದರಲ್ಲಿದ್ದ ಮಿನಿಕ್ಸ್ ವ್ಯವಸ್ಥೆಯನ್ನು ಕೆಡಿಸಿಕೊಂಡರು.

ಬೀಗದ ಕಡತ

ಮೂರನೇ ಪಂಥ ಕರ್ನಲ್ಲನ್ನು ನಡುವೆ ತರುವುದಿಲ್ಲ, ಪ್ರೋಗ್ರಾಮ್‌ಗಳು ತಮ್ಮೊಳಗೇ ಮಾತಾಡಿಕೊಳ್ಳಲಿ ಎನ್ನುತ್ತದೆ. ಯುಯುಸಿಪಿ ಕಾಲದಿಂದ ಬಂದ ಪದ್ಧತಿ ಇದು: ಪೋರ್ಟ್ ಮುಟ್ಟುವ ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ ಆ ಪೋರ್ಟಿನ ಹೆಸರಿನ ಚಿಕ್ಕ ಕಡತ ಇಟ್ಟು, ಅದರಲ್ಲಿ ತನ್ನ ಪ್ರಕ್ರಿಯೆ ಸಂಖ್ಯೆ ಬರೆಯಬೇಕು. ಬೇರೆಯವರು ಬಂದರೆ ಕಡತ ನೋಡಿ ಹಿಂತಿರುಗಬೇಕು. ಬರೆದವರು ಸತ್ತುಹೋಗಿದ್ದರೆ ಬೀಗ ಒಡೆಯಬಹುದು. ಗರ್ಟ್ ಡೋರಿಂಗ್ ಬರೆದ ಎಂಗೆಟ್ಟಿ ಈ ಪಂಥದ ಉತ್ತಮ ಫಲ. ಮೋಡೆಮ್ ತಾನಾಗಿ ಫೋನ್ ಎತ್ತಲು ಅದು ಬಿಡುವುದಿಲ್ಲ. ‘ರಿಂಗ್’ ಎಂಬ ಮಾತು ಬರುವವರೆಗೆ ಕಾದು, ತಾನೇ ಎತ್ತಲು ಹೇಳಿ, ಬಂದದ್ದು ಫ್ಯಾಕ್ಸೋ ದತ್ತಾಂಶವೋ ಎಂದು ನೋಡಿ ಮುಂದುವರಿಯುತ್ತದೆ. ನಡುವೆ ಬೇರೊಂದು ಪ್ರೋಗ್ರಾಮ್ ಬೀಗ ಹಾಕಿ ಹೊರಗೆ ಕರೆ ಮಾಡಿದರೆ ದಾರಿ ಬಿಟ್ಟು ಸರಿಯುತ್ತದೆ.

ಈ ಒಪ್ಪಂದ ನಿಲ್ಲುವುದು ಎಲ್ಲರೂ ಪಾಲಿಸಿದರೆ ಮಾತ್ರ. ನೇರವಾಗಿ ಪೋರ್ಟ್ ತೆರೆದು ಓದುವ ಹತ್ತು ಸಾಲಿನ ಸ್ಕ್ರಿಪ್ಟ್ ಬೀಗದ ಹೆಸರನ್ನೇ ಕೇಳಿರುವುದಿಲ್ಲ. ಎರಡು ಪ್ರೋಗ್ರಾಮ್‌ಗಳು ಒಂದೇ ಪೋರ್ಟನ್ನು ಓದಿದರೆ ಅಕ್ಷರಗಳು ಇಬ್ಬರಿಗೂ ಹಂಚಿಹೋಗುತ್ತವೆ: ಐವತ್ತರ ಐದು ಒಬ್ಬರಿಗೆ, ಸೊನ್ನೆ ಇನ್ನೊಬ್ಬರಿಗೆ.

ಮೇಲ್ವಿಚಾರಕರ ಕಾಲ

ನಾಲ್ಕನೆಯವರು ಎಲ್ಲ ಪೋರ್ಟುಗಳನ್ನೂ ಒಬ್ಬ ಮೇಲ್ವಿಚಾರಕನಿಗೆ ಒಪ್ಪಿಸುತ್ತಾರೆ. 1980ರ ದಶಕದ ಕೊನೆಗೆ ಸಿಸ್ಟಮ್ ಫೈವ್ ನಾಲ್ಕನೇ ಆವೃತ್ತಿ ಟಿಟಿವೈಮಾನ್ ತಂದಿತು, ಸನ್ ಸೊಲಾರಿಸ್ ಕೂಡ ಅದನ್ನೇ ಬಳಸಿತು. ಇಂದಿನ ಲಿನಕ್ಸ್‌ನಲ್ಲಿ ಅದೇ ಜಾಗದಲ್ಲಿ ಸಿಸ್ಟಮ್‌ಡಿ, ಯುಡೆವ್ ಮತ್ತು ಮೋಡೆಮ್ ಮ್ಯಾನೇಜರ್ ಇವೆ. ಯುಎಸ್‌ಬಿ ಚುಚ್ಚಿದ ಕೂಡಲೆ ಹೆಸರು ಕೊಡುವುದು, ಅನುಮತಿ ಕೊಡುವುದು, ಬೇಕಾದ ಸೇವೆ ಓಡಿಸುವುದು ಎಲ್ಲವೂ ತಾನಾಗಿ ಆಗುತ್ತದೆ. ಹತ್ತಾರು ಪೋರ್ಟು ನೋಡಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ.

ಈ ಪಂಥದ ಅಪಾಯ ಅದರ ಊಹೆಯಲ್ಲಿದೆ. ಹೊಸ ಪೋರ್ಟ್ ಕಂಡರೆ ಮೋಡೆಮ್ ಇರಬಹುದೆಂದು ಮೋಡೆಮ್ ಮ್ಯಾನೇಜರ್ ‘ಎಟಿ’ ಎಂದು ಕಳಿಸಿ ನೋಡುತ್ತದೆ. 1981ರ ಹೇಯ್ಸ್ ಮೋಡೆಮಿನಿಂದ ಬಂದ ಆದೇಶ ಅದು. ಆದರೆ ಕೆಲವು ಕಾಟಾಗಳಿಗೆ ‘ಟಿ’ ಅಕ್ಷರ ಬಂತೆಂದರೆ ಟೇರ್ ಎಂದರ್ಥ, ಮೇಲಿರುವ ಭಾರವನ್ನು ಸೊನ್ನೆ ಎಂದು ಹಿಡಿ ಎಂಬ ಅಪ್ಪಣೆ. ಈಚಿನ ಆವೃತ್ತಿಗಳಲ್ಲಿ ಹೀಗೆ ಕೇಳುವುದಕ್ಕೆ ಬಿಗಿ ಮಿತಿ ಹಾಕುವ ಅವಕಾಶವಿದೆ, ಈ ಸಾಧನವನ್ನು ಮುಟ್ಟಬೇಡ ಎಂದು ಯುಡೆವ್ ನಿಯಮ ಬರೆಯಲೂಬಹುದು. ಕಾಟಾ ಹಚ್ಚುವ ಯಂತ್ರದಿಂದ ಮೋಡೆಮ್ ಮ್ಯಾನೇಜರನ್ನೇ ನಾನು ತೆಗೆದುಹಾಕುತ್ತೇನೆ.

ಇದಕ್ಕೆ ಜೋಡಿಯಾದ ಇನ್ನೊಂದು ದೃಶ್ಯ: ಗೆಟ್ಟಿ ಕೂತಿರುವ ಪೋರ್ಟಿಗೆ ಕಾಟಾ ಹಚ್ಚಿದರೆ ಗೆಟ್ಟಿ ಲಾಗಿನ್ ಹೆಸರು ಕೇಳುತ್ತದೆ, ಕಾಟಾ ತೂಕ ಹೇಳುತ್ತದೆ. ಪಾಸ್‌ವರ್ಡ್ ಕೇಳಿದರೆ ಮುಂದಿನ ತೂಕ. ರಾತ್ರಿಯಿಡೀ ಹಾಗೆ ಬಿಟ್ಟರೆ ವಿಫಲ ಲಾಗಿನ್‌ಗಳ ಕಡತದಲ್ಲಿ ಸಾಲುಸಾಲು ಕಿಲೋ ಲೆಕ್ಕ ಸಿಗುತ್ತದೆ.

ಏಳು ಬಿಟ್ಟೋ, ಎಂಟೋ

ಈಗ ಮುನೀಮರ ಪ್ರಶ್ನೆಗೆ ಬರುತ್ತೇನೆ. ಅವರ ಕಾಟಾ ಏಳು ಬಿಟ್ಟಿನ ಅಕ್ಷರ, ಜೊತೆಗೆ ಸಮ ಪ್ಯಾರಿಟಿಯ ಒಂದು ಬಿಟ್ ಕಳಿಸುತ್ತಿತ್ತು. ಕಂಪ್ಯೂಟರಿನಲ್ಲಿ ಎಂಟು ಬಿಟ್, ಪ್ಯಾರಿಟಿ ಇಲ್ಲ ಎಂದು ಬರೆದಿದ್ದರು. ಆರಂಭದ ಮತ್ತು ಕೊನೆಯ ಬಿಟ್ ಸೇರಿ ಎರಡಕ್ಕೂ ಅಕ್ಷರಕ್ಕೆ ಒಟ್ಟು ಹತ್ತು ಬಿಟ್ ಆಗುವುದರಿಂದ ತಾಳ ತಪ್ಪುವುದಿಲ್ಲ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಸಮ ಪ್ಯಾರಿಟಿ ಎಂದರೆ ಅಕ್ಷರದಲ್ಲಿ ಒಂದುಗಳ ಸಂಖ್ಯೆ ಬೆಸವಾಗಿದ್ದಾಗ ಎಂಟನೆಯ ಬಿಟ್ಟನ್ನೂ ಒಂದು ಮಾಡುವುದು. 0, 3, 5, 6, 9 ಇವುಗಳ ಸಂಕೇತದಲ್ಲಿ ಒಂದುಗಳು ಸಮಸಂಖ್ಯೆಯಲ್ಲಿವೆ, ಹಾಗಾಗಿ ಅವು ಹಾಗೆಯೇ ದಾಟುತ್ತವೆ. ದಶಮಾಂಶದ ಚುಕ್ಕೆಯೂ ಅಷ್ಟೆ. 1, 2, 4, 7, 8ರಲ್ಲಿ ಬೆಸ, ಅವು ಕೆಟ್ಟು ಬರುತ್ತವೆ. 50.35 ಸುರಕ್ಷಿತ, 48.20 ಖರಾಬು. ಮುನೀಮರು ಕಂಡದ್ದರಲ್ಲಿ ಅಕ್ಷರಶಃ ತಪ್ಪಿರಲಿಲ್ಲ.

ಖರಾಬ ಅಕ್ಷರ ಕಂಡದ್ದು ಅವರ ಪುಣ್ಯ. ಇನ್ನೊಂದು ಕಡೆ ನಾನು ನೋಡಿದ ಪ್ರೋಗ್ರಾಮ್ ಅಂಕಿಯಲ್ಲದ್ದನ್ನೆಲ್ಲ ಅಳಿಸಿ ಉಳಿದದ್ದನ್ನು ಓದುತ್ತಿತ್ತು. ಅಲ್ಲಿ 50.75 ಬಂದರೆ ಏಳು ಉದುರಿ 50.5 ಆಗುತ್ತದೆ. ಕಾಟಾದ ಮೇಲೆ ಒಂದು ತೂಕ, ಪಟ್ಟಿಯಲ್ಲಿ ಇನ್ನೊಂದು. ಚೀಲಕ್ಕೆ ಕಾಲು ಕಿಲೋ ಹೋಯಿತು, ಯಾರಿಗೂ ಅನುಮಾನ ಬರುವಂಥ ಅಂಕಿಯೂ ಅದಲ್ಲ. ವರ್ಷದ ಬೆಳೆ ತಂದು ಹಾಕಿದ ರೈತನ ಪಾಲು ಒಂದು ಬಿಟ್ಟಿನ ಮೇಲೆ ನಿಂತಿರುತ್ತದೆ.

ಪರಿಹಾರದಲ್ಲೂ ಎರಡು ಮತ. ‘ಐ-ಸ್ಟ್ರಿಪ್’ ಹಾಕಿ ಎಂಟನೆಯ ಬಿಟ್ ಕತ್ತರಿಸಿಬಿಡಿ, ಅಂಕಿ ಸರಿಯಾಗುತ್ತದೆ ಎನ್ನುವವರು ಒಂದು ಕಡೆ. ಅಂಕಿ ಸರಿಯಾಗುವುದು ನಿಜ, ಆದರೆ ತಪ್ಪು ಹಿಡಿಯಲೆಂದೇ ಕಳಿಸಿದ ಬಿಟ್ಟನ್ನು ಕಸಕ್ಕೆ ಹಾಕಿದಂತಾಯಿತು. ಏಳು ಬಿಟ್, ಸಮ ಪ್ಯಾರಿಟಿ, ಬಂದದ್ದನ್ನು ಪರೀಕ್ಷಿಸು ಎಂದು ಪೂರ್ತಿ ಬರೆಯುವುದು ಸರಿಯಾದ ದಾರಿ. ಕೆಟ್ಟ ಅಕ್ಷರವನ್ನು ಸದ್ದಿಲ್ಲದೆ ಬೀಳಿಸುವ ‘ಇಗ್ನ್-ಪಾರ್’ ತೂಕದ ತಂತಿಯಲ್ಲಿ ಎಂದೂ ಇರಬಾರದು. ಕೆಟ್ಟದ್ದು ಬಂದರೆ ಇಡೀ ಸಾಲು ತಳ್ಳಿ ಮುಂದಿನ ಸಾಲಿಗೆ ಕಾಯಬೇಕು. ಕಾಟಾ ಒಂದೇ ಸಮನೆ ಹೇಳುತ್ತಿರುತ್ತದೆ, ಕಾಯುವುದಕ್ಕೆ ನಷ್ಟವಿಲ್ಲ.

ಎಂಟನೆಯ ಬಿಟ್ಟಿನ ಇನ್ನೊಂದು ಕಥೆ ನಮ್ಮ ಲಿಪಿಯದು. ಸಿ-ಡ್ಯಾಕ್‌ನ ಜಿಸ್ಟ್ ಟರ್ಮಿನಲ್‌ಗಳು ಯುನಿಕ್ಸ್ ಯಂತ್ರಗಳ ಸೀರಿಯಲ್ ತಂತಿಯ ಮೇಲೆ ಭಾರತೀಯ ಲಿಪಿಗಳನ್ನು ತಂದವು. ಅದಕ್ಕೆ ಆಧಾರವಾಗಿದ್ದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಇಸ್ಕಿಯಲ್ಲಿ ಕೆಳಗಿನ ಅರ್ಧ ಇಂಗ್ಲಿಷಿಗೆ, ಮೇಲಿನ ಅರ್ಧ ನಮ್ಮ ಅಕ್ಷರಗಳಿಗೆ. ಎರಡನ್ನೂ ಬೇರ್ಪಡಿಸುವುದು ಆ ಎಂಟನೆಯ ಬಿಟ್. ಅದನ್ನು ಕತ್ತರಿಸುವ ತಂತಿಯಲ್ಲಿ ‘ಕ’ ಕಳಿಸಿದರೆ 3 ಎಂಬ ಅಂಕಿ ಬರುತ್ತದೆ. ‘ಬೀದರ’ ಎಂದು ಬರೆದರೆ ಆಚೆ ಇಳಿಯುವುದು ಇಂಗ್ಲಿಷಿನ ಜೆ, ಒಂದು ಓರೆಗೀಟು, ಡಿ, ಓ. ಏಳು ಬಿಟ್ ಸಾಕು ಎಂದವರ ತಂತಿಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಇಂದಿನ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ‘ಕ’ ಮೂರು ಬೈಟು, ಮೂರಕ್ಕೂ ಎಂಟನೆಯ ಬಿಟ್ ಬೇಕು.

ತೀರದೆ ಉಳಿದದ್ದು

ಮೊದಲನೆಯದು ಗುರುತಿನ ಪ್ರಶ್ನೆ. ಎರಡು ಕಾಟಾಗಳನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಹಚ್ಚಿದರೆ ಯಾವುದರ ಹೆಸರಿಗೆ ಸೊನ್ನೆ, ಯಾವುದರ ಹೆಸರಿಗೆ ಒಂದು ಎಂಬುದು ಅವು ಕಂಡ ಕ್ರಮದ ಮೇಲೆ ಹೋಗುತ್ತದೆ. ಕರೆಂಟು ಹೋಗಿ ಬಂದಾಗ ಅದಲುಬದಲಾಗಬಹುದು. ಕೇಬಲ್ಲಿನ ಗುರುತಿನಿಂದ ಹೆಸರಿಡಿ ಎನ್ನುವವರಿದ್ದಾರೆ, ಆದರೆ ಅಗ್ಗದ ಕೇಬಲ್‌ಗಳ ಎಷ್ಟೋ ಚಿಪ್ಪುಗಳಿಗೆ ಸ್ವಂತ ಕ್ರಮಸಂಖ್ಯೆಯಿಲ್ಲ. ಚುಚ್ಚಿದ ತೂತಿನಿಂದ ಹೆಸರಿಡಿ ಎನ್ನುವವರಿದ್ದಾರೆ, ಆದರೆ ಕಸ ಗುಡಿಸುವಾಗ ಕಿತ್ತ ಕೇಬಲ್ಲನ್ನು ಬೇರೆ ತೂತಿಗೆ ಹಾಕಿದರೆ ಮುಗಿಯಿತು. ಎರಡೂ ವಿಧಾನ ಕಾಟಾವನ್ನೇ ‘ನೀನು ಯಾರು’ ಎಂದು ಕೇಳುವುದಿಲ್ಲ. ಸಾಮಾನ್ಯ ಕಾಟಾಗಳ ಹರಿವಿನಲ್ಲಿ ತೂಕ ಮಾತ್ರ ಬರುತ್ತದೆ, ತನ್ನ ಹೆಸರು ಬರುವುದಿಲ್ಲ.

ಎರಡನೆಯದು ಕನ್ನಡದ್ದು. ಸಾಲಿನ ಕೊನೆಯ ಅಕ್ಷರ ಅಳಿಸಲು ಲಿನಕ್ಸ್‌ನಲ್ಲಿ ‘ಐ-ಯುಟಿಎಫ್8’ ಸೆಟ್ಟಿಂಗ್ ಇದೆ. ಅದಿಲ್ಲದಿದ್ದರೆ ಒಂದು ಅಳಿಕೆಗೆ ‘ಕ’ದ ಮೂರನೆಯ ಒಂದು ಪಾಲು ಮಾತ್ರ ಹೋಗುತ್ತದೆ. ಇದ್ದರೂ ‘ಕ್ಷ’ ಎಂಬುದನ್ನು ಅಳಿಸಲು ಮೂರು ಸಲ ಒತ್ತಬೇಕು. ಒತ್ತಕ್ಷರ ಪರದೆಯಲ್ಲಿ ಎಷ್ಟು ಮನೆ ಅಗಲ ತಿನ್ನುತ್ತದೆ ಎಂಬುದಕ್ಕೆ ಟರ್ಮಿನಲ್ ಒಂದು ಲೆಕ್ಕ ಹಿಡಿದರೆ ಪ್ರೋಗ್ರಾಮ್ ಇನ್ನೊಂದು ಹಿಡಿಯುತ್ತದೆ. ವಿಟಿ100 ಕಾಲದಿಂದ ಬಂದ ಒಂದು ಅಕ್ಷರಕ್ಕೆ ಒಂದು ಮನೆ ಎಂಬ ನಿಯಮ ನಮ್ಮ ಲಿಪಿಗೆ ಒಗ್ಗಿಲ್ಲ.

ಮೂರನೆಯದು ಮುದ್ರೆಯ ಪ್ರಶ್ನೆ. 2009ರ ಕಾನೂನು ಮಾಪನ ಕಾಯ್ದೆಯಡಿ ಎಲೆಕ್ಟ್ರಾನಿಕ್ ಕಾಟಾಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಮುದ್ರೆ ಬೀಳುವುದು ಕಾಟಾದ ಮೇಲೆ. ಅದರ ಹಿಂದಿನಿಂದ ಹೊರಟ ಕೇಬಲ್ಲಿನ ಆಚೆ ತುದಿಯಲ್ಲಿ ‘ಏಳು ಬಿಟ್, ಸಮ ಪ್ಯಾರಿಟಿ’ ಎಂದು ಬರೆದ ಒಂದು ಸಾಲು ಸಾಮಾನ್ಯ ಕಡತದಲ್ಲಿರುತ್ತದೆ, ಅದನ್ನು ಬದಲಿಸಲು ಇಕ್ಕಳವೂ ಬೇಡ. ಆ ಸಾಲನ್ನೂ ಪರೀಕ್ಷೆಯ ಪಾಲಾಗಿಸಬೇಕೋ, ಫ್ರೀಬಿಎಸ್‌ಡಿಯ ಹಾಗೆ ಕರ್ನಲ್ಲೇ ಬೀಗ ಹಾಕಬೇಕೋ, ಇಲ್ಲ ಕಾಟಾ ಕಳಿಸುವ ಪ್ರತಿ ಸಾಲಿಗೂ ತಾಳೆಮೊತ್ತ ಸೇರಿಸಬೇಕೋ ಎಂಬುದರಲ್ಲಿ ಒಮ್ಮತವಿಲ್ಲ. ಆ ಅಂಗಡಿಯಲ್ಲಿ ಸದ್ಯ ನಡೆಯುವುದು ಹೀಗೆ: ಬೆಳಗ್ಗೆ ಅಂಗಡಿ ತೆರೆದ ಕೂಡಲೆ ಮುನೀಮರು 1, 2, 4, 7, 8 ಅಂಕಿಗಳು ಬರುವ ಹಾಗೆ ತೂಕದ ಕಲ್ಲು ಜೋಡಿಸಿ ಇಡುತ್ತಾರೆ, ಪರದೆಯನ್ನೂ ಕಾಟಾವನ್ನೂ ಒಟ್ಟಿಗೆ ನೋಡುತ್ತಾರೆ, ಆಮೇಲೆ ಮೊದಲ ಚೀಲ ಎತ್ತಿಸುತ್ತಾರೆ.